ನಮ್ಮೂರಿಗೆ ರೈಲು ತಂದವರು

ಕಲ್ಲೂರಿನ ಹತ್ತಿರ, ಮಾನ್ವಿ ತಾಲೂಕು
೨ ಮಾರ್ಚ್ ೨೦೨೬

ಪ್ರೀತಿಯ ನಿಗಾರ್,

ಹೇಗಿದ್ದೀಯೇ? ನಿನ್ನ ಅಬ್ಬಾ ತೀರಿಕೊಂಡು ನಲವತ್ತು ದಿನ ಕಳೆದ ಮೇಲೆ ಬರೆಯುತ್ತಿದ್ದೇನೆ. ಮಣ್ಣಿಗೆಂದು ನೀನು ರಾಯಚೂರಿನಿಂದ ಬಂದಾಗಲೂ ನಾನು ಮನೆಯಿಂದ ಹೊರಬೀಳಲಿಲ್ಲ. ಬೈದುಕೋ, ಆದರೆ ಪೂರ್ತಿ ಓದು.

ಡಿಸೆಂಬರ್ ಕೊನೆಗೆ ಹೊಸ ಹಳಿಯ ಮೇಲೆ ಜಲ್ಲಿ ಹೊತ್ತ ಮೊದಲ ರೈಲುಗಾಡಿ ನಮ್ಮೂರ ಹತ್ತಿ ಹೊಲಗಳ ಅಂಚಿಗೆ ಬಂದು ನಿಂತಿತು. ಹೆಂಗಸರು ಎಂಜಿನ್ನಿಗೆ ಕುಂಕುಮ ಹಚ್ಚಿದರು. ನಾವು ಏಳನೇ ತರಗತಿಯಲ್ಲಿದ್ದಾಗ ಅಬ್ಬಾ ಸೈಕಲ್ ಅಂಗಡಿಗೆ ಬೀಗ ಹಾಕಿ, ಮಸರಕಲ್, ದೇವದುರ್ಗದವರೆಗೆ ರೈಲಿನ ಅರ್ಜಿಗೆ ಸಹಿ, ಹೆಬ್ಬೆಟ್ಟು ಕೂಡಿಸುತ್ತ ಹೋಗುತ್ತಿದ್ದರಲ್ಲ. ಊರವರು "ರೈಲ್ ಸಾಬ" ಎಂದು ನಗುತ್ತಿದ್ದರು. ನಿನ್ನ ಅಮ್ಮಿ ಎರಡನೇ ಹೆರಿಗೆಗೆ ರಾಯಚೂರಿಗೆ ಹೊರಟು, ಬಸ್ಸು ಕೆಟ್ಟು ನಿಂತ ದಾರಿಯಲ್ಲೇ ಜೀವ ಬಿಟ್ಟದ್ದು ಅವರನ್ನು ಹಾಗೆ ಓಡಾಡಿಸುತ್ತಿತ್ತು.

ಪಂಚಾಯಿತಿಯವರು ನಮ್ಮೂರ ರೈಲಿನ ಚರಿತ್ರೆಯನ್ನು, ಅದಕ್ಕಾಗಿ ದುಡಿದವರ ಹೆಸರಿನ ಪಟ್ಟಿಯನ್ನು ಕಲ್ಲಿನಲ್ಲಿ ಕೆತ್ತಿಸಿದರು. ಬರೆದುಕೊಡುವ ಕೆಲಸ ಟೀಚರಾದ ನನಗೆ ಬಂತು. ಗಾಡಿ ಬಂದ ದಿನವೇ ಕಲ್ಲಿನ ಪರದೆ ಸರಿಸಿದರು. ಓದು ಬಾರದ ಮುದುಕಿ ಮೂಕಮ್ಮ ಎಲ್ಲರೆದುರು ಕೇಳಿದಳು: "ಯವ್ವಾ ಸೂಗಮ್ಮ, ಇದರಾಗ ಸತ್ತಾರ್ ಸಾಬರ ಹೆಸರು ಯಾವುದದ? ಬಟ್ಟಿಟ್ಟು ತೋರ್ಸು."

ಆ ಹೆಸರು ಕಲ್ಲಿನಲ್ಲಿರಲಿಲ್ಲ. ಪಕ್ಕದಲ್ಲಿ ಕೋಲೂರಿ ನಿಂತಿದ್ದ ಅಬ್ಬಾನೇ ಅಂದರು: "ನಾ ಏನ್ ಮಾಡೀನಿ ಬೇ, ಬರೇ ಕಾಗದ ಹೊತ್ತೀನಿ. ರೈಲ್ ಬಂತಲ್ಲ, ಸಾಕು." ಆಮೇಲೆ ನನ್ನ ಕಡೆ ತಿರುಗಿ, "ಬರವಣಿಗಿ ಚಂದ ಅದ ಬೇಟಿ" ಎಂದರು. ಮೂರು ವಾರಕ್ಕೆ ಹೋಗಿಬಿಟ್ಟರು.

ಮಂದಿ ಹತ್ತುವ ಗಾಡಿ ಬಿಟ್ಟಾಗ ಬಾ ಎಂದು ಕರೆಯಲು ನನಗೆ ಮುಖವಿಲ್ಲ. ನಿನ್ನ ಗುಲ್ನಾಜ್ ಪರೀಕ್ಷೆ ಚೆನ್ನಾಗಿ ಬರೆಯಲಿ, ಅವಳಿಗೆ ನನ್ನ ಆಶೀರ್ವಾದ. ನೀನು ತಣ್ಣಗಿರು.

ನಿನ್ನ
ಸೂಗಮ್ಮ

ತಾ.ಕ.: ಕಲ್ಲಿನಲ್ಲಿ ಜಾಗ ಸಾಲಲಿಲ್ಲ ಎಂದು ನಿನಗೆ ಯಾರಾದರೂ ಹೇಳಿರಬಹುದು. ಸುಳ್ಳು. ನಾನು ಬರೆದ ಪಟ್ಟಿಯಲ್ಲಿ ಅವರದೇ ಮೊದಲ ಹೆಸರಿತ್ತು. ನನ್ನ ಮಾವ ವಿರೂಪಣ್ಣ ನೋಡಿ, "ಈಗಿನ ದಿನಮಾನದಾಗ ಆ ಹೆಸರು ಮದ್ಲ ಬ್ಯಾಡವ್ವಾ, ಮಂದಿ ಒಂದೊಂದು ಅಂತಾರ. ಕೆಳಗ ಹಾಕು" ಎಂದರು. ಅವರು ಕೇಳಿದ್ದು ಅಷ್ಟೇ. ಮಾತೇ ಬರುವುದು ಬೇಡವೆಂದು ಪೂರ್ತಿ ಹೊಡೆದುಹಾಕಿದವಳು ನಾನು.