ನಿನ್ನ ಅರ್ಜಿಯಲ್ಲಿ ಉಳಿದುಹೋದ ತಾಂಬಾ

ಪ್ರೀತಿಯ ರೇಣುಕಾ,

ಕೈಯಿಂದ ಬರೆಯುವ ರೂಢಿ ತಪ್ಪಿಹೋಗಿದೆ. ಅಕ್ಷರ ಸೊಟ್ಟಗಿದ್ದರೆ ಬೈಯಬೇಡ, ಬೈಯುವುದಕ್ಕೆ ಬೇರೆ ಕಾರಣವನ್ನೇ ಕೊಡುತ್ತಿದ್ದೇನೆ.

ನಮ್ಮ ಟೈಪಿಂಗ್ ಅಂಗಡಿಯಲ್ಲಿ ಹದಿನೈದು ವರ್ಷಗಳಿಂದ ನಾನು ಹೊಡೆದ ಅರ್ಜಿಗಳೆಲ್ಲ ಕಂಪ್ಯೂಟರಿನಲ್ಲೇ ಇವೆ. ಆದರೆ ಎಲ್ಲವೂ ಹಳೆಯ ಫಾಂಟಿನವು, ಹೆಸರು ಹಾಕಿ ಹುಡುಕಿದರೆ ಒಂದೂ ಸಿಗುತ್ತಿರಲಿಲ್ಲ. ಯಾರಾದರೂ ನಕಲು ಕೇಳಿದರೆ ಒಂದೊಂದೇ ಫೈಲು ತೆರೆದು ತಲೆ ಚಿಟ್ಟು ಹಿಡಿಯುತ್ತಿತ್ತು. ಈ ವಾರ ಎಂಟು ಸಾವಿರ ಫೈಲುಗಳನ್ನು ಒಟ್ಟಿಗೇ ಯುನಿಕೋಡಿಗೆ ಬದಲಾಯಿಸಿದೆ. ಈಗ ಒಂದು ಹೆಸರು ಹೊಡೆದರೆ ಸಾಕು, ಎಲ್ಲಿದ್ದರೂ ತೋರಿಸುತ್ತದೆ.

ಇವತ್ತು ಬೆಳಿಗ್ಗೆ ತಾಂಬಾದ ಸುಂದರವ್ವ ತನ್ನ ಹಳೆಯ ಅಂಗನವಾಡಿ ಕೆಲಸದ ಅರ್ಜಿಯ ನಕಲು ಕೇಳಿದಳು. ಅವಳ ಹೆಸರು ಹೊಡೆದೆ. ಎರಡು ಫೈಲು ಬಂದವು. ಒಂದು ಅವಳದು, ಇನ್ನೊಂದು ಅದೇ ಕೆಲಸಕ್ಕೆ ಒಂಬತ್ತು ವರ್ಷದ ಹಿಂದೆ ನೀನು ಹಾಕಿದ್ದು!

ನಿನ್ನ ಅರ್ಜಿಯಲ್ಲಿ ಅವಳಿಗೇನು ಕೆಲಸ ಎಂದು ತೆರೆದೆ. ಮೇಲೆ ನಿನ್ನ ಹೆಸರು, ನಿನ್ನೂರು ಸಾಲೋಟಗಿ, ಎಲ್ಲ ಸರಿ. ಕೊನೆಯ ಪ್ರಮಾಣದ ಸಾಲಿನಲ್ಲಿ ಮಾತ್ರ, "ಸುಂದರವ್ವ ಆದ ನಾನು ತಾಂಬಾ ಗ್ರಾಮದ ಕಾಯಂ ನಿವಾಸಿ." ಆ ಸಾಲನ್ನು ಮೂರು ಸಲ ಓದಿದೆ. "ಯಾಕವಾ, ಆರಾಮ ಇಲ್ಲೇನು?" ಎಂದಳು ಸುಂದರವ್ವ. ಅವಳ ನಕಲು ತೆಗೆದುಕೊಟ್ಟು ಕಳಿಸಿದೆ. ಆ ಸಾಲಿನ ಕೆಳಗೆ ಬೆರಳಿಟ್ಟು, "ಇಲ್ಲೆ ಸಹಿ ಮಾಡವಾ" ಎಂದು ನಿನಗೆ ಅಂದವಳು ನಾನೇ.

ನಮ್ಮ ಕೆಲಸವೇ ಹೀಗೆ. ಹೊಸ ಅರ್ಜಿಯನ್ನು ಯಾರೂ ಮೊದಲಿನಿಂದ ಹೊಡೆಯುವುದಿಲ್ಲ, ಇನ್ನೊಬ್ಬರ ಫೈಲು ತೆರೆದು ಹೆಸರು, ಊರು ಬದಲಿಸುತ್ತೇವೆ. ಅವತ್ತು ಸುಂದರವ್ವನ ಫೈಲಿನಲ್ಲಿ ಒಂದು ಕಡೆ ಬದಲಿಸಲು ಮರೆತಿದ್ದೆ.

"ಅರ್ಜಿದಾರರು ಸ್ಥಳೀಯರಲ್ಲ" ಎಂದು ಅರ್ಜಿ ಬಿದ್ದುಹೋದ ದಿನ ನೀನು ಅಂಗಡಿಗೆ ಬಂದು ಅತ್ತೆ. "ನಮ್ಮ ನೆಗೆಣ್ಣಿ ಸಾತವ್ವನೇ ತಕರಾರ ಕೊಟ್ಟಾಳ, ಹುಮಾ. ಮತ್ಯಾರಿಗೈತಿ ನನ್ನ ಮ್ಯಾಲ ಹೊಟ್ಟಿಕಿಚ್ಚು?" ನಾನೂ ಚಹಾ ಕೊಟ್ಟು, "ಅಕಿನ ಇರಬೇಕ ಬಿಡ" ಅಂದೆ. ಸಾತವ್ವ ಮಕ್ಕಳ ಮೇಲೆ ಆಣೆ ಮಾಡಿದರೂ ನೀನು ನಂಬಲಿಲ್ಲ. ಅಣ್ಣತಮ್ಮಂದಿರ ಎರಡು ಮನೆಯ ಒಂದೇ ಅಂಗಳದ ನಡುವೆ ಗೋಡೆ ಎದ್ದು ಒಂಬತ್ತು ವರ್ಷವಾಯಿತು. ಅವಳ ಮಗಳ ಮದುವೆಯ ದಿನವೂ ಗೋಡೆಯಾಚೆಯ ಬಜಂತ್ರಿ ಕೇಳುತ್ತ ರೊಟ್ಟಿ ಬಡಿದೆ ಎಂದು ನೀನೇ ಹೇಳಿದ್ದೆ.

ತಪ್ಪು ನನ್ನದು, ರೇಣುಕಾ. ಫೈಲು ಅಳಿಸಿಬಿಟ್ಟರೆ ಯಾರಿಗೂ ಗೊತ್ತಾಗದು ಎಂದು ಒಂದು ಗಳಿಗೆ ಅನಿಸಿದ್ದೂ ನಿಜ. ಅಳಿಸಲಿಲ್ಲ. ಎರಡು ಪ್ರತಿ ತೆಗೆದಿದ್ದೇನೆ. ಒಂದು ಇದರ ಜೊತೆಗಿದೆ, ಇನ್ನೊಂದು ಸಾತವ್ವನದು. ಶುಕ್ರವಾರ ಬರುತ್ತೇನೆ, ಮೊದಲು ಅವಳ ಬಾಗಿಲಿಗೆ, ಆಮೇಲೆ ನಿನ್ನ ಬಾಗಿಲಿಗೆ. ತೆರೆಯುವುದು ಬಿಡುವುದು ನಿನ್ನಿಷ್ಟ.

ನಿಮ್ಮ ಎರಡೂ ಮನೆ ತಣ್ಣಗಿರಲಿ. ಈ ಪತ್ರಕ್ಕೆ ಯಾರ ಫೈಲನ್ನೂ ತೆರೆದಿಲ್ಲ, ಖಾಲಿ ಹಾಳೆಯ ಮೇಲೆ ಕೈಯಿಂದಲೇ ಬರೆದೆ.

ಹುಮಾ ಆದ ನಾನು, ಇಂಡಿ ಪಟ್ಟಣದ ಕಾಯಂ ನಿವಾಸಿ, ಮೇಲೆ ಬರೆದದ್ದೆಲ್ಲ ಸತ್ಯವೆಂದು ಪ್ರಮಾಣ ಮಾಡುತ್ತೇನೆ.