ಮಗುಚಬಾರದ ರಟ್ಟು ಮತ್ತು ನೂರಿಪ್ಪತ್ತು ಎಡತೋಳುಗಳು

ಮಾನ್ಯ ಸಮವಸ್ತ್ರ ಪರಿಶೀಲನಾಧಿಕಾರಿಗಳೇ,

ನೂರಿಪ್ಪತ್ತು ಎಡತೋಳುಗಳನ್ನು ನೀವು ತಿರಸ್ಕರಿಸಿದ್ದೀರಿ. ಆಸ್ಪತ್ರೆಯ ದಾದಿಯರ ಕೋಟುಗಳಿಗೆಂದು ಹೊಲಿಗೆ ಸಂಘದಲ್ಲಿ ಕತ್ತರಿಸಿಟ್ಟಿದ್ದ ತೋಳುಗಳವು. ಬಲತೋಳುಗಳಷ್ಟೂ ಪಾಸು, ಎಡತೋಳುಗಳಷ್ಟೂ ನಪಾಸು. ಹೀಗೆ ಒಂದೇ ಕಡೆಯವು ಸಾರಾಸಗಟಾಗಿ ತಪ್ಪಾದಾಗ, ತಪ್ಪು ಬಟ್ಟೆಯದೋ ಅಳೆದವರದೋ ಎಂದು ಒಂದು ಗಳಿಗೆಯಾದರೂ ಯೋಚಿಸುವುದು ವಾಡಿಕೆ. ನಿಮ್ಮ ಕಚೇರಿಗೆ ಆ ಪುರುಸೊತ್ತು ಸಿಗಲಿಲ್ಲ. ಕತ್ತರಿಸಿದವರ ಕೆಲಸದ ಪುಸ್ತಕದಲ್ಲಿ ‘ಅಳತೆ ಬಾರದು’ ಎಂದು ಕೆಂಪು ಶಾಯಿಯಲ್ಲಿ ಬರೆದಿರಿ. ಹದಿನೈದು ದಿನದೊಳಗೆ ಅಷ್ಟನ್ನೂ ಮಾದರಿಯಂತೆ ಹೊಸದಾಗಿ ಕತ್ತರಿಸದಿದ್ದರೆ ಅವರನ್ನು ಕತ್ತರಿ ಮೇಜಿನಿಂದ ತೆಗೆಯತಕ್ಕದ್ದು ಎಂದು ಸಂಘಕ್ಕೆ ಆದೇಶವನ್ನೂ ಕಳಿಸಿದಿರಿ. ಕತ್ತರಿಸಿದವಳು ನನ್ನ ಅಕ್ಕ. ಮೂವತ್ತೊಂದು ವರ್ಷದಿಂದ ಆ ಮೇಜಿನ ಮುಂದೆ ನಿಂತಿದ್ದಾಳೆ. ನಾನು ಹೆಚ್ಚುಕಡಿಮೆ ಅಷ್ಟೇ ವರ್ಷ ರೇಖಾಗಣಿತ ಕಲಿಸಿ ಈಗ ಮನೆಯಲ್ಲಿ ಕೂತಿರುವ ಮೇಷ್ಟ್ರು.

ನಿಮ್ಮ ಪರಿಶೀಲಕರು ಬಂದ ದಿನ, ಅಕ್ಕ ಮನೆಯಲ್ಲಿ ಮರೆತಿದ್ದ ಕನ್ನಡಕ ಕೊಡಲು ನಾನು ಅಲ್ಲಿಗೆ ಹೋಗಿದ್ದೆ. ಆದ್ದರಿಂದ ಇದು ಕೇಳಿದ ಮಾತಲ್ಲ, ಕಂಡದ್ದು. ಬಟ್ಟೆಗೆ ಹೊರಗೆ ಕಾಣುವ ಮೈ ನಯ, ಒಳಮೈ ಒರಟು. ನಯವಾದ ಮೈ ಮೇಲೆ ಬರುವಂತೆ ತೋಳುಗಳನ್ನು ಹರಡಿಟ್ಟಿದ್ದರು. ಪರಿಶೀಲಕರು ಚೀಲದಿಂದ ನಿಮ್ಮ ಮಾದರಿ ರಟ್ಟನ್ನು ಎರಡೂ ಕೈಯಲ್ಲಿ ಭಕ್ತಿಯಿಂದ ತೆಗೆದರು. ತೋಳಿನ ಆಕಾರದ ರಟ್ಟು, ಒಂದು ಮಗ್ಗುಲಲ್ಲಿ ಕಚೇರಿಯ ದುಂಡು ಮೊಹರು. ಬಲತೋಳಿನ ಮೇಲೆ ಇಟ್ಟರು, ಕೂತಿತು. ಎಡತೋಳಿನ ಮೇಲೆ ಇಟ್ಟರು, ಕೂರಲಿಲ್ಲ. ಸರಿಸಿದರು, ತಿರುಗಿಸಿದರು, ತಾವೇ ಮೇಜನ್ನು ಒಂದು ಸುತ್ತು ಹಾಕಿ ಬಂದರು.

“ಇದು ಕೂರ್ತಾ ಇಲ್ವಲ್ಲಮ್ಮಾ” ಎಂದರು.

“ರಟ್ಟು ಮಗುಚಿ ಇಡಿ ಸಾರ್, ಕೂರುತ್ತೆ” ಎಂದಳು ಅಕ್ಕ.

“ಮಗುಚಿದ್ರೆ ಮೊಹರು ಕೆಳಗೆ ಹೋಗುತ್ತಲ್ಲಮ್ಮಾ?”

“ಹೋದ್ರೆ ಏನಾಯ್ತು ಸಾರ್? ಆಮೇಲೆ ಮೇಲೆ ಬರುತ್ತೆ.”

“ಕಚೇರಿ ಮೊಹರನ್ನ ಮಕಾಡೆ ಮಲಗಿಸೋಕಾಗುತ್ತೇನ್ರೀ? ಮೊಹರು ಮೇಲಿರಬೇಕು ಅಂತ ನಿಯಮಾನೇ ಇದೆ.”

ಹಾಗಾದರೆ ಬಟ್ಟೆಯನ್ನೇ ಮಗುಚಿ ನೋಡಿ ಎಂದು ನಾನು ಬಾಯಿ ಹಾಕಿದೆ. ಒರಟು ಮೈಯನ್ನು ಪರಿಶೀಲಿಸುವ ಅಧಿಕಾರ ತಮಗಿಲ್ಲ ಎಂದರು. ಪಾಪ, ಅವರದೂ ಹೊಟ್ಟೆಪಾಡು. ಆ ನಿಯಮ ಬರೆದವರು ನೀವು, ಅದಕ್ಕೇ ಈ ಪತ್ರ ನಿಮಗೆ.

ಸ್ವಾಮಿ, ಎಂಟನೇ ತರಗತಿಯ ಮಕ್ಕಳಿಗೆ ಹೇಳುವುದನ್ನು ತಮಗೆ ಹೇಳಬೇಕಾಗಿ ಬಂದದ್ದಕ್ಕೆ ಕ್ಷಮೆಯಿರಲಿ. ಒಂದು ಆಕೃತಿಯನ್ನು ಹಿಗ್ಗಿಸದೆ, ಕುಗ್ಗಿಸದೆ, ಬಗ್ಗಿಸದೆ ಇನ್ನೊಂದರ ಮೇಲೆ ಇಡಬೇಕು. ಅಂಚಿಗೆ ಅಂಚು, ಮೂಲೆಗೆ ಮೂಲೆ ಕೂತರೆ ಅವೆರಡೂ ಸರ್ವಸಮ. ಹಾಗೆ ಇಡಲು ಜಾರಿಸಬಹುದು, ತಿರುಗಿಸಬಹುದು, ಮಗುಚಬಹುದು. ಜಾರಿಸುವುದರಲ್ಲಿ ತಮ್ಮ ಕಚೇರಿಯ ಪರಿಣತಿ ನಾನು ಬಲ್ಲೆ. ಈ ಆದೇಶದ ವಿರುದ್ಧ ನಾನು ಕೊಟ್ಟ ಎರಡು ಮನವಿಗಳು ಐದು ಮೇಜುಗಳ ಮೇಲೆ ಜಾರಿ, ಆಕಾರದಲ್ಲಾಗಲಿ ಅಳತೆಯಲ್ಲಾಗಲಿ ಕೂದಲೆಳೆಯಷ್ಟೂ ಬದಲಾಗದೆ ನನ್ನ ಮನೆಗೇ ಬಂದು ಸೇರಿದವು. ತಿರುಗಿಸುವುದೂ ತಮಗೆ ಕರಗತ, ಸವೆದ ನನ್ನ ಚಪ್ಪಲಿಯನ್ನು ಕೇಳಿ. ಆದರೆ ಮಗುಚುವುದನ್ನು ಮಾತ್ರ ನಿಷೇಧಿಸಿದ್ದೀರಿ. ಅದನ್ನು ಬಿಟ್ಟರೆ ಎಡ ಅಂಗೈ ಬಲ ಅಂಗೈಗೆ ಹೇಗೆ ಸಮನಾದೀತು? ತಮ್ಮ ಎರಡು ಪಾದಗಳಲ್ಲಿ ಒಂದನ್ನು ಯಾವ ಆಧಾರದ ಮೇಲೆ ಮಂಜೂರು ಮಾಡಿಕೊಂಡಿದ್ದೀರಿ?

ನಾನೇನೂ ಹುಟ್ಟಾ ಪಂಡಿತನಲ್ಲ. ಕೆಲಸಕ್ಕೆ ಸೇರಿದ ಹೊಸತು, ರಜೆಯಲ್ಲಿ ಅಕ್ಕನಿಗೆ ನೆರವಾಗಲು ಸಂಘಕ್ಕೆ ಹೋದೆ. ತರಗತಿಯಲ್ಲಿ ಸರ್ವಸಮತೆಯ ಪಾಠ ಆಗಷ್ಟೇ ಮುಗಿಸಿದ ಜಂಬ ಬೇರೆ. ರಟ್ಟು ಇಟ್ಟು, ಸೀಮೆಸುಣ್ಣದಲ್ಲಿ ಗೆರೆ ಎಳೆದು, ನಲವತ್ತು ತೋಳು ಕತ್ತರಿಸಿ ಬೆವರು ಒರೆಸಿಕೊಂಡೆ. ಒಂದು ಸಲವೂ ರಟ್ಟು ಮಗುಚಿರಲಿಲ್ಲ. ನಲವತ್ತೂ ಬಲತೋಳು! ಅಕ್ಕ ಒಂದೊಂದಾಗಿ ಎತ್ತಿ ನೋಡಿ, “ಎರಡೂ ಕಡೆ ಬಲಗೈ ಇರೋ ಜನಾನ ಎಲ್ಲಿಂದ ತರೋದು ಮೇಷ್ಟ್ರೇ?” ಎಂದಳು. ಮಿಕ್ಕ ಹೆಂಗಸರು ಮಿಷನ್ನು ನಿಲ್ಲಿಸಿ ನಕ್ಕರು. ಆಮೇಲೆ ಅವಳು ಒಂದು ಬಲತೋಳನ್ನು ಕೋಟಿನ ಎಡಗಡೆಗೆ ಕಚ್ಚಾ ಹೊಲಿಗೆ ಹಾಕಿ ನನಗೇ ತೊಡಿಸಿದಳು. ತೋಳಿನ ತಲೆಯಲ್ಲಿ, ಅಂದರೆ ಭುಜಕ್ಕೆ ಕೂಡುವ ಅಂಚಿನಲ್ಲಿ, ಎದೆಯ ಕಡೆಗೆ ಕೊರೆತ ಹೆಚ್ಚಿರಬೇಕು, ಬೆನ್ನಿನ ಕಡೆಗೆ ಕಡಿಮೆ. ನಮ್ಮ ಕೈ ಚಾಚುವುದು ಮುಂದಕ್ಕೆ ತಾನೇ? ನಾನು ಕೈ ಚಾಚಿದೆ. ಎದೆಯ ಹತ್ತಿರ ಬಟ್ಟೆ ಗುಪ್ಪೆಯಾಯಿತು, ಬೆನ್ನು ಹಿಡಿದೆಳೆಯಿತು, ಹೊಲಿಗೆ ಪಟಪಟನೆ ಬಿಚ್ಚಿತು. ಅಂದಿನಿಂದ ಆ ಪಾಠವನ್ನು ರಟ್ಟಿಲ್ಲದೆ ಮಾಡಿದವನಲ್ಲ. ನನ್ನ ಆ ನಲವತ್ತು ತೋಳುಗಳು ನಿಮ್ಮ ಪರಿಶೀಲನೆಗೆ ಬಂದಿದ್ದರೆ ನನಗೆ ಪ್ರಶಸ್ತಿಪತ್ರ ಸಿಗುತ್ತಿತ್ತು.

ಇಷ್ಟಕ್ಕೇ ಆಗಿದ್ದರೆ ನಾಲ್ಕು ಜನರೆದುರು ಹೇಳಿ ನಕ್ಕು ಸುಮ್ಮನಾಗುತ್ತಿದ್ದೆ. ಅಕ್ಕ ನಗುತ್ತಿಲ್ಲ. ಕಣ್ಣಳತೆಯಲ್ಲೇ ಗೆರೆ ಎಳೆಯುತ್ತಿದ್ದವಳು ಈಗ ದಿಂಬಿನ ಚೀಲಕ್ಕೂ ಮೂರು ಸಲ ಟೇಪು ಹಿಡಿಯುತ್ತಾಳೆ. ಮೊನ್ನೆ ಮಧ್ಯಾಹ್ನ ಊಟಕ್ಕೆ ಕೂತವಳು ತಟ್ಟೆ ಪಕ್ಕಕ್ಕಿಟ್ಟು, “ನಿಜ ಹೇಳೋ, ಇಷ್ಟು ವರ್ಷ ನಾನು ತಪ್ಪಾಗೇ ಕತ್ತರಿಸ್ತಿದ್ನಾ? ಯಾರೂ ಹೇಳ್ಲೇ ಇಲ್ವಾ?” ಎಂದಳು. “ನಿನ್ನ ಕೋಟು ತೊಟ್ಟೋರು ಯಾರಾದ್ರೂ ದೂರಿದ್ದಾರಾ ಅಕ್ಕಾ?” ಎಂದು ಕೇಳಿದೆ. “ದೊಡ್ಡೋರು ಬರೆದಿದ್ದಾರಲ್ಲೋ, ಅದೂ ಕೆಂಪು ಶಾಯೀಲಿ” ಎಂದಳು. ಮೂವತ್ತೊಂದು ವರ್ಷದ ಕೈಯನ್ನು ಎರಡು ಪದ ಬರೆದು ನಡುಗಿಸಿದ್ದೀರಿ. ನನಗೆ ಸಿಟ್ಟು ಬಂದಿರುವುದು ಅದಕ್ಕೆ. ಹದಿನೈದರಲ್ಲಿ ಹನ್ನೊಂದು ದಿನ ಕಳೆದಿವೆ. ನಿನ್ನೆಯಿಂದ ಅವಳು ಹೆದರಿ ನಿಮ್ಮ ಆದೇಶದಂತೆಯೇ, ರಟ್ಟು ಮಗುಚದೆ, ಎಡಗಡೆಗೂ ಬಲತೋಳುಗಳನ್ನೇ ಹೊಸದಾಗಿ ಕತ್ತರಿಸುತ್ತಿದ್ದಾಳೆ. ತಪ್ಪು ಎಂದು ಕೈಗೆ ಗೊತ್ತಿದ್ದೂ ಒಳ್ಳೆಯ ಬಟ್ಟೆಗೆ ಕತ್ತರಿ ಇಡುವುದು ಎಂಥ ಶಿಕ್ಷೆ ಎಂಬುದು ಕಡತ ನೋಡುವವರಿಗೆ ತಿಳಿಯಲಿಕ್ಕಿಲ್ಲ.

ಆದ್ದರಿಂದ ಆ ಆದೇಶವನ್ನು ಇಂದೇ ಹಿಂಪಡೆಯಿರಿ. ಪುಸ್ತಕದಲ್ಲಿನ ಆ ಎರಡು ಪದಗಳನ್ನು ನೀವೇ ಹೊಡೆದುಹಾಕಿ ಪಕ್ಕದಲ್ಲಿ ಸಹಿ ಮಾಡಿ. ಅದಕ್ಕಾಗಿ ಸಂಘದ ಕೋಣೆಗೆ ನೀವೇ ಬರಬೇಕು, ಪರಿಶೀಲಕರನ್ನು ಕಳಿಸಿದರೆ ಆಗದು. ಮೂರನೇ ಮಿಷನ್ನಿನ ಪಕ್ಕದಲ್ಲಿ ಅವಳ ಮೇಜಿದೆ. ಅವಳ ಮೊದಲಿನ ಎಡತೋಳೊಂದನ್ನು ಹರಡಿ, ನಿಮ್ಮ ಕೈಯಾರೆ ರಟ್ಟನ್ನು ಮಗುಚಿ ಅದರ ಮೇಲೆ ಇಡಿ. ಒಂದು ನಿಮಿಷ ನಿಮ್ಮ ಕಚೇರಿಯ ಹೆಸರು ಕಣ್ಣಿಗೆ ಬೀಳುವುದಿಲ್ಲ, ಗಾಬರಿಯಾಗಬೇಡಿ. ಎದುರಿಗೆ ನನ್ನ ಅಕ್ಕ ನಿಂತಿರುತ್ತಾಳೆ. ಅವಳ ಮುಖ ನೋಡಿಕೊಂಡು, ಮಿಷನ್ನಿನ ಸದ್ದಿನಲ್ಲೂ ಕೇಳುವಷ್ಟು ಗಟ್ಟಿಯಾಗಿ, “ಕೂತಿತಮ್ಮಾ” ಎಂದು ಹೇಳಿ.

ಇಂತಿ,
ತಮ್ಮ ನಿಯಮದ ಪ್ರಕಾರ ಬಲಭಾಗ ಮಾತ್ರ ಸರಿಯಿರುವ,
ಒಬ್ಬ ನಿವೃತ್ತ ಗಣಿತ ಮೇಷ್ಟ್ರು