ಒಂದೇ ಕಟ್ಲೆಟ್, ಎರಡು ಕಾರ್ಡು

ಹೋಟೆಲಿನ ಮಹಡಿಯಿಂದ,
ಮಾರ್ಚ್ ೧೧, ಮಂಗಳವಾರ, ಮಧ್ಯಾಹ್ನ

ನನ್ನ ಪುಟ್ಟನಿಗೆ,

ಕೆಮ್ಮು ಹೇಗಿದೆ? ಆ ಊರಿನ ಅಡುಗೆಮನೆಯ ಹೊಗೆ ನಿನ್ನ ಎದೆಗೆ ಆಗಿಬರುವುದಿಲ್ಲವೆಂದು ನೀನು ಹೊರಟ ದಿನವೇ ಹೇಳಿದ್ದೆ. ಬಿಸಿನೀರು ಕುಡಿ. ನಾನು ಚೆನ್ನಾಗಿದ್ದೇನೆ. ನಿನ್ನ ಅಪ್ಪನ ಮಂಡಿನೋವು ಇದ್ದಲ್ಲೇ ಇದೆ, ಅವರ ಧೈರ್ಯವೂ ಅಷ್ಟೇ.

ಹೋಗುವ ಮೊದಲು ನೀನು ಬರೆದುಕೊಟ್ಟ ಎರಡು ಕಾರ್ಡುಗಳೇ ಇಲ್ಲಿಯವರೆಗೆ ನಮ್ಮನ್ನು ಸಾಕಿದವು. ಹಳೆಯದೇ ಸರಿ ಎನ್ನುವ ಪಕ್ಷದವರಿಗೆ ಕಂದು ಕಾರ್ಡು: “ಅಜ್ಜಂದಿರ ಕಸುವು, ನಮ್ಮದೇ ಹೊಲದ ಕಾಳು.” ಎಲ್ಲ ಬದಲಾಗಬೇಕು ಎನ್ನುವವರಿಗೆ ಹಸಿರು: “ಯಾವ ಜೀವಕ್ಕೂ ನೋವಿಲ್ಲ, ಇದು ನಾಳೆಯ ಊಟ.” ತಟ್ಟೆಗೆ ಬರುತ್ತಿದ್ದದ್ದು ಚಿಕ್ಕಪ್ಪ ಮಾಡುವ ಅದೇ ಮಾಂಸವಿಲ್ಲದ ಕಾಳಿನ ಕಟ್ಲೆಟ್. ಬಾಗಿಲಲ್ಲಿ ಮುಖ ನೋಡಿಯೇ ಯಾರು ಯಾವ ಕಡೆ ಎಂದು ನಾನು ತೂಗುತ್ತಿದ್ದೆ. ಒಂದು ಮೇಜಿಗೆ ಒಂದೇ ಬಣ್ಣ, ಅದೂ ಬಿಲ್ಲು ಕೊಡುವವರ ಬಣ್ಣ.

ಹಿಂದಿನ ವಾರ ತಲೆನೋವೆಂದು ನಾನು ಮೇಲೆ ಮಲಗಿದ್ದೆ, ಬಡಿಸುವವನು ರಜೆ. ಆಗಲೇ ಗಿರಿಜಾಮೀಸೆಯ ಗುತ್ತಿಗೆದಾರ ಅಳಿಯನೊಂದಿಗೆ ಬಂದ. ಮಾವ ಅಪ್ಪಟ ಕಂದು, ಮೇಷ್ಟ್ರು ಅಳಿಯ ಅಪ್ಪಟ ಹಸಿರು. ನಿನ್ನ ಚಿಕ್ಕಪ್ಪ ಒಲೆ ಬಿಟ್ಟು ಬಂದು, ಚೆಂದ ಕಾಣಲೆಂದು ಬಣ್ಣಕ್ಕೊಂದರಂತೆ ಕಾರ್ಡುಗಳನ್ನು ಇಬ್ಬರ ಮುಂದೂ ಇಟ್ಟರು. ಚಿಕ್ಕಪ್ಪ ಅದನ್ನು ಬರೀ ಬಣ್ಣವೆಂದೇ ತಿಳಿದಿದ್ದರಂತೆ! ಕನ್ನಡಕ ಮರೆತು ಬಂದಿದ್ದ ಮಾವ ತನ್ನ ಕಾರ್ಡನ್ನು ಅಳಿಯನಿಗೆ ಕೊಟ್ಟು ಗಟ್ಟಿಯಾಗಿ ಓದು ಎಂದ. ಕಾರ್ಡಿನಲ್ಲಿ ಎರಡು ಮಾತು, ತಟ್ಟೆಯಲ್ಲಿ ಒಂದೇ ಕಟ್ಲೆಟ್. ಮದುವೆಯಾದಾಗಿನಿಂದ ಒಂದು ಮಾತಿಗೂ ಒಪ್ಪದವರು ಅಂದು ಒಂದೇ ಕೊರಳಲ್ಲಿ ಕೂಗಿದರು: “ಇಬ್ಬರಿಗೂ ಟೋಪಿ ಹಾಕ್ತಿದ್ದೀರೇನ್ರೀ?”

ಇಳಿದು ಹೋದೆ. ಮಾವನನ್ನು ಕೈತೊಳೆಯುವ ಕಡೆ ಕರೆದು, “ನಮ್ಮ ಅಡುಗೆಯವರು ಆ ಪಕ್ಷದವರು ಕಣ್ರೀ, ಹಸಿರು ಕಾರ್ಡು ಅವರದೇ ಕಿತಾಪತಿ” ಎಂದೆ. ಅಳಿಯನಿಗೆ ಬಾಗಿಲ ಬಳಿ ಅದನ್ನೇ ತಿರುಗಿಸಿ ಹೇಳಿದೆ. ನೀನು ಕಲಿಸಿದ್ದೇ ಅಲ್ಲವೇ, ಒಂದೇ ಸರಕು, ಎರಡು ಮಾತು. ಮಾತು ಚೆನ್ನಾಗಿಯೇ ಮಾರಾಟವಾಯಿತು. ಆ ಅಡುಗೆಯವ ಹೋಗುವ ತನಕ ಇತ್ತ ತಲೆ ಹಾಕುವುದಿಲ್ಲ ಎಂದು ಈಗ ಎರಡೂ ಪಕ್ಷದವರು ಹಟ ಹಿಡಿದಿದ್ದಾರೆ. ಮೇಜುಗಳು ಖಾಲಿ. ಚಿಕ್ಕಪ್ಪ ತಮ್ಮ ಕೈಯೇ ಕೆಟ್ಟಿತೇನೋ ಎಂದು ಮತ್ತೆ ಮತ್ತೆ ರುಚಿ ನೋಡುತ್ತಾರೆ. “ಉಪ್ಪು ಸರಿ ಇದ್ಯಲ್ಲಾ, ಅತ್ತಿಗೆ?” ಸರಿಯಿದೆ ಎಂದೆ. ನಿನ್ನ ಅಪ್ಪ ತಮ್ಮನ ಮುಖ ನೋಡಲಾರದೆ ಪೇಪರಿನ ಹಿಂದೆ ಕೂತಿದ್ದಾರೆ. ಈ ಮನೆಯಲ್ಲಿ ಬೆಕ್ಕಿಗೆ ಗಂಟೆ ಕಟ್ಟುವವಳು ಯಾವಾಗಲೂ ನಾನೇ.

ನಿನ್ನ ಹೊಟ್ಟೆ ತಣ್ಣಗಿರಲಿ, ಯಾರ ಕಣ್ಣೂ ತಾಗದಿರಲಿ.

ನಿನ್ನ
ಅಮ್ಮ

ಮರೆತಿದ್ದೆ: ಸೋಮವಾರದ ಬಸ್ಸಿಗೇ ಬಂದುಬಿಡು. ಕಟ್ಲೆಟ್ ಒಡೆಯದಂತೆ ಕಾಳನ್ನು ಎಷ್ಟು ಜಜ್ಜಬೇಕೆಂಬುದು ಚಿಕ್ಕಪ್ಪನ ಕೈಗೆ ಮಾತ್ರ ಗೊತ್ತು. ಮೊದಲು ಅದನ್ನು ಕಲಿತುಕೋ. ನೀನು ಬರುತ್ತೀ ಎಂದಷ್ಟೇ ಅವರಿಗೆ ಹೇಳಿದ್ದೇನೆ; ಖುಷಿಯಿಂದ ಪಕ್ಕದ ಒಲೆಯನ್ನು ನಿನಗೆಂದು ಉಜ್ಜಿಟ್ಟಿದ್ದಾರೆ. ನಿನ್ನ ಕೈಗೆ ಹದ ಬಂದ ದಿನ ಅವರಿಗೆ ಹೊರಡಿ ಎನ್ನುತ್ತೇನೆ. ಎರಡೂ ಪಕ್ಷದವರಿಗೆ ಬೇರೆಬೇರೆಯಾಗಿ ಹೇಳಿ ಆಗಿದೆ. ಅವರೊಬ್ಬರಿಗೆ ಇನ್ನೂ ಹೇಳಿಲ್ಲ.